ಎರೆ ಸೀಮೆಯಲ್ಲಿ ನೆಲ ನೋಡುವುದು

ಮನೆ ಕೊಳ್ಳುವ ಮುನ್ನ ನೆಲ ನೋಡುವುದೆಂದರೆ ಬಳ್ಳಾರಿ ಸೀಮೆಯಲ್ಲಿ ಮೊದಲು ನೆಲದಡಿಯ ಮಣ್ಣು ನೋಡುವುದು. ಟೈಲ್ಸ್ ಯಾವ ಕಂಪನಿಯದು, ಗ್ರಾನೈಟಿನ ಪಾಲಿಶ್ ಹೇಗಿದೆ ಎಂಬುದೆಲ್ಲ ಆಮೇಲಿನ ಮಾತು. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಅರ್ಧ ಚಿಂತೆ ಕಳೆಯಿತು. ಎರೆ, ಅಂದರೆ ಕಪ್ಪು ಮಣ್ಣಾದರೆ ಮೇಸ್ತ್ರಿಯನ್ನು ಕರೆದುಕೊಂಡೇ ಹೋಗಬೇಕು. ಎರೆಮಣ್ಣಿನೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಮನೆಯ ಕೆಳಗೆ ಮಾತ್ರ ಸುಮ್ಮನಿದ್ದೀತೆ? ಹತ್ತಿಗೆ, ಜೋಳಕ್ಕೆ ಇಷ್ಟು ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಪಾಯಕ್ಕೆ ಇಷ್ಟು ಕೆಟ್ಟದ್ದು ಸಿಗುವುದೂ ಕಷ್ಟ.

ನೋಡುವ ಕ್ರಮದಲ್ಲಿ ಮೊದಲು ಬರುವುದು ಮಟ್ಟ. ಮೇಸ್ತ್ರಿಯ ಚೀಲದಲ್ಲಿ ರಸಮಟ್ಟ ಇರುತ್ತದೆ. ಇಲ್ಲದಿದ್ದರೆ ಮಕ್ಕಳ ಗೋಲಿಯೊಂದು ಸಾಕು. ಪಡಸಾಲೆಯ ನಡುವೆ ಇಟ್ಟ ಗೋಲಿ ತಾನಾಗಿ ಗೋಡೆಯ ಕಡೆ ಉರುಳಿದರೆ ನಡುನೆಲ ಎದ್ದಿದೆ ಎಂದರ್ಥ. ಮನೆ ಕಟ್ಟಿದ ಮೇಲೆ ಅದರ ನಡುವಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ತೇವ ಆರುವುದಿಲ್ಲ. ವರ್ಷ ಕಳೆದಂತೆ ಅಲ್ಲಿ ಎರೆ ಉಬ್ಬುತ್ತದೆ. ಹೊರಗೋಡೆಯ ಸುತ್ತಲಿನ ಮಣ್ಣು ಮಾತ್ರ ಬೇಸಿಗೆಗೊಮ್ಮೆ ಕುಗ್ಗಿ ಗೋಡೆಯನ್ನು ಕೆಳಗೆ ಬಿಡುತ್ತದೆ. ಸ್ಕರ್ಟಿಂಗಿಗೂ ನೆಲಕ್ಕೂ ನಡುವೆ ಸಂದು ಬಿಡುವುದು, ಬಾಗಿಲು ನೆಲಕ್ಕೆ ಉಜ್ಜುವುದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರುವುದು ಎಲ್ಲವೂ ಇದರದೇ ಸಂತಾನ. ಬಾಗಿಲಿನ ಕೆಳಅಂಚನ್ನು ಈಚೆಗೆ ಕೊಯ್ದ ಗುರುತು ಕಂಡರೆ ಮಾಲೀಕರನ್ನು ಕೇಳಲೇಬೇಕು: ನೆಲ ಎದ್ದಿತೋ, ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಕೂರಿಸಿದರೋ?

ಮಟ್ಟ ಆದಮೇಲೆ ಸದ್ದು. ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ಸನ್ನು ಬಡಿಯುತ್ತ ಹೋದರೆ ಗಟ್ಟಿ ಕೂತದ್ದು ಕಿಣ್ಣೆನ್ನುತ್ತದೆ, ಸಿಮೆಂಟು ಸರಿಯಾಗಿ ತುಂಬದ್ದು ಡೊಬ್ಬೆನ್ನುತ್ತದೆ. "ಇಲ್ಲಿ ಪೊಳ್ಳೈತಿ ನೋಡ್ರಿ" ಎಂದು ಮೇಸ್ತ್ರಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಸಂದು ಬಿಡದೆ ಒತ್ತಾಗಿ ಕೂರಿಸಿದ ವಿಟ್ರಿಫೈಡ್ ಟೈಲ್ಸ್ ಬಿಸಿಲಿಗೆ ಹಿಗ್ಗಲು ಜಾಗ ಸಾಲದೆ ಒಂದು ದಿನ ಸಿಡಿದೇಳುವುದುಂಟು. ಆಗ ಏಳುವುದು ಈ ಪೊಳ್ಳು ಜಾಗವೇ.

ಹಳೆಯ ಮನೆಗಳಲ್ಲಿ ಟೈಲ್ಸ್ ಇಲ್ಲ, ಗಾರೆ ಇದೆ, ಇಲ್ಲವೇ ಕಡಪ ಬಂಡೆ ಇದೆ. 1800ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿಯೂ ಕಡಪವೂ ಜೊತೆಗಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು; ಕಡಪದ ಬಂಡೆ ಮಾತ್ರ ಯಾವ ಗಡಿಯನ್ನೂ ಲೆಕ್ಕಿಸದೆ ಬರುತ್ತಲೇ ಇತ್ತು. ಪದರು ಕಲ್ಲಾದ್ದರಿಂದ ತೇವ ಹಿಡಿದ ಕಡೆ ಹಕ್ಕಳೆ ಏಳುತ್ತದೆ. ಅಡಿಯ ಮರಳು ಜಾರಿದರೆ ಕಾಲಿಟ್ಟಾಗ ಕದಲುತ್ತದೆ. ಇದನ್ನು ಬರೆಯುತ್ತಿರುವವನ ಅಜ್ಜಿಯ ಸಿರುಗುಪ್ಪದ ಮನೆಯಲ್ಲಿ ನಡುಮನೆಯ ಬಂಡೆಯೊಂದು ಹೀಗೆಯೇ ಕದಲುತ್ತಿತ್ತು. ಅಜ್ಜಿ ಅದನ್ನು ಸರಿಮಾಡಿಸಲು ಬಿಡಲೇ ಇಲ್ಲ. ರಾತ್ರಿ ಯಾರು ಎಷ್ಟು ಹೊತ್ತಿಗೆ ಮನೆ ಸೇರಿದರೆಂದು ಆಕೆಗೆ ಆ ಸದ್ದೇ ವರದಿ ಒಪ್ಪಿಸುತ್ತಿತ್ತು. ಪರೀಕ್ಷೆಯ ಪಟ್ಟಿಯಲ್ಲಿ ಅದು ದೋಷ. ಆ ಮನೆಯಲ್ಲಿ ಅದೇ ಕಾವಲು.

ಈ ಸೀಮೆಯಲ್ಲಿ ನೆಲ ನೋಡಿ ಮನೆ ಕಟ್ಟಿದ ಹಿರಿಯರು ಯಾರು ಎಂದು ಹುಡುಕಿದರೆ ದಾರಿ ತೆಕ್ಕಲಕೋಟೆಗೆ ಹೋಗುತ್ತದೆ. ಸಿರುಗುಪ್ಪ ತಾಲ್ಲೂಕಿನ ಈ ಊರಿನ ಗುಡ್ಡಗಳಲ್ಲಿ 1963-64ರಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಅಗೆದು ನೋಡಿದಾಗ ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನ ನವಶಿಲಾಯುಗದ ವಸತಿ ಸಿಕ್ಕಿತು: ಹೆಬ್ಬಂಡೆಗಳ ನಡುವಿನ ಜಾಗ ಸಮ ಮಾಡಿ ಎಬ್ಬಿಸಿದ ದುಂಡು ಗುಡಿಸಲುಗಳು, ಕಲ್ಲುಕೊಡಲಿಗಳು, ಚಿನ್ನದ ಕಿವಿಯಾಭರಣ ಕೂಡ. ಎಳೆಗೂಸು ಸತ್ತರೆ ಮಡಕೆಯಲ್ಲಿಟ್ಟು ವಸತಿಯ ಒಳಗೇ ಹೂಳುತ್ತಿದ್ದರು. ಬದುಕಿದವರು ಅದರ ಪಕ್ಕದಲ್ಲೇ ಉಣ್ಣುತ್ತ ಮಲಗುತ್ತ ಇದ್ದರು. ಇವರು ಗುಡ್ಡ ಹತ್ತಿದ್ದು ದನಗಳ ಕಾವಲಿಗೆ, ಸುರಕ್ಷತೆಗೆ ಎಂದು ವಿದ್ವಾಂಸರು ಹೇಳಿಯಾರು. ಇರಬಹುದು. ಆದರೆ ಎರೆಯಲ್ಲಿ ಒಂದು ಮಳೆಗಾಲ ಕಳೆದ ಯಾರಿಗೂ ಬೇರೆ ಕಾರಣ ಬೇಕಿಲ್ಲ. ಕೆಳಗೆ ಬೇಕಾದಷ್ಟು ಬಯಲಿದ್ದರೂ ಅವರು ಗರಸು ಮಣ್ಣಿನ ಗುಡ್ಡ ಆರಿಸಿಕೊಂಡರು. ಬಯಲಿನ ಎರೆಯಲ್ಲಿ ಸೈಟು ಮಾಡಿ ಮಾರುವ ಬುದ್ಧಿ ಬಂದದ್ದು ಬಹಳ ತಡವಾಗಿ.

ಸಿರುಗುಪ್ಪದ ಬಯಲಿನಲ್ಲಿ ಎರೆಯ ಜೊತೆಗೆ ನೀರೂ ಇದೆ. ತುಂಗಭದ್ರೆಯ ಕಾಲುವೆ ಬಂದು ಭತ್ತ ಹೆಚ್ಚಿತು. ನೀರು ಬಸಿಯದ ಕಡೆ ಸವಳು-ಜವಳೂ ಹೆಚ್ಚಿತು. ಗದ್ದೆಗೆ ಹತ್ತಿದ ಮನೆಯಲ್ಲಿ ಟೈಲ್ಸಿನ ಸಂದಿಯಲ್ಲಿ, ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಾಣುತ್ತದೆ. ಕೆಳಗಿನ ತೇವ ಮೇಲೇರಿ ಆರಿದಾಗ ಬಿಟ್ಟುಹೋದ ಉಪ್ಪು ಅದು. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಬಣ್ಣ ಬಳಿದು ತಿಂಗಳಾಗದ ಮನೆಯಲ್ಲಿ ಇದನ್ನು ಹುಡುಕಿ ಫಲವಿಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ ನೋಡಬೇಕು. ಹೊಸ್ತಿಲು ಮತ್ತು ಬಾಗಿಲ ಚೌಕಟ್ಟಿನ ಬುಡದಲ್ಲಿ ಗೆದ್ದಲಿನ ಮಣ್ಣುಗೆರೆ ಇದೆಯೇ ಎಂದೂ ಆಗಲೇ ನೋಡಿಬಿಡುವುದು ಒಳ್ಳೆಯದು.

ಕುರುಗೋಡಿನಲ್ಲಿ ಗುಡ್ಡದ ಬುಡ ಹತ್ತಿರವಾದ್ದರಿಂದ ತೊಂದರೆಯ ಬಗೆ ಬೇರೆ. ಮನೆಯ ಒಂದು ಪಾಲು ಬಂಡೆಯ ಮೇಲೆ, ಇನ್ನೊಂದು ಪಾಲು ತುಂಬಿದ ಮಣ್ಣಿನ ಮೇಲೆ ನಿಂತರೆ ಬಂಡೆ ಕದಲುವುದಿಲ್ಲ, ತುಂಬಿದ್ದು ಇಳಿಯುತ್ತದೆ. ಎರಡೂ ಸೇರುವ ಗೆರೆಯಲ್ಲೇ ನೆಲ ಸೀಳುತ್ತದೆ. ಇಂಥ ಬಿರುಕಿನ ಒಂದು ಅಂಚು ಇನ್ನೊಂದಕ್ಕಿಂತ ತಗ್ಗಾಗಿರುತ್ತದೆ, ಉಗುರು ಆಡಿಸಿದರೆ ತಿಳಿಯುತ್ತದೆ. ಕೂದಲೆಳೆಯ ಬಿರುಕು ಸಿಮೆಂಟು ಆರುವಾಗಿನದು, ಅದಕ್ಕೆ ಹೆದರಬೇಕಿಲ್ಲ.

ಎರೆಯಲ್ಲಿ ಪಾಯ ಹೇಗೆ ಹಾಕಿದ್ದಾರೆಂದು ಕೇಳುವುದು ಕೊನೆಯ ಕೆಲಸಗಳಲ್ಲೊಂದು. ಎರೆಯನ್ನು ತೋಡಿ ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿದ್ದರೆ ಒಳ್ಳೆಯದು. ಉಬ್ಬದ ಅಂಟುಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿದರೆ ಎರೆ ತಣ್ಣಗಿರುತ್ತದೆಂದು ಮುಂಬಯಿ ಐಐಟಿಯ ಆರ್. ಕೆ. ಕಟ್ಟಿಯವರು ತೋರಿಸಿಕೊಟ್ಟರು. ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿತು. ಮನೆಯ ಸುತ್ತ ಕಾಂಕ್ರೀಟ್ ಅಂಚು ಇದೆಯೇ, ಬಚ್ಚಲ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೇ ಎಂಬುದನ್ನು ಹೊರಗೆ ಒಂದು ಸುತ್ತು ಹಾಕಿ ನೋಡಿಕೊಳ್ಳಬೇಕು.

ಮಹಡಿಯ ನೆಲಕ್ಕೆ ಎರೆಯ ಕಾಟ ನೇರವಾಗಿ ತಟ್ಟುವುದಿಲ್ಲ. ಅಲ್ಲಿ ನೋಡಬೇಕಾದದ್ದು ಬಚ್ಚಲಿನ ವಾಟ. ಒಂದು ಬಕೆಟ್ ನೀರು ಸುರಿದರೆ ಅದು ಜಾಲರಿಯ ಕಡೆಗೇ ಹರಿಯಬೇಕು. ಮೂಲೆಯಲ್ಲಿ ನಿಂತರೆ ಕೆಳಗಿಳಿದು ಅದೇ ಜಾಗದ ಸೂರು ನೋಡಬೇಕು.