ವೈದ್ಯನಾಥಪುರದ ಬಿಸಿ ಕಲ್ಲು

ಮದ್ದೂರು ಎಂದ ಕೂಡಲೇ ನಿಮಗೆ ವಡೆ ನೆನಪಾಗುತ್ತೆ, ಅಲ್ಲವೇ? ಮುಂದಿನ ಸಲ ಆ ಕಡೆ ಹೋದರೆ ವಡೆ ಕಟ್ಟಿಸಿಕೊಂಡು ಹತ್ತಿರದ ವೈದ್ಯನಾಥಪುರಕ್ಕೂ ಹೋಗಿ ಬನ್ನಿ. ಶಿಂಷಾ ನದಿಯ ದಡದ ಊರು. ಇಲ್ಲಿಯ ಶಿವ ವೈದ್ಯನಾಥೇಶ್ವರ, ಕಾಯಿಲೆ ಕಳೆಯುವ ದೇವರು. ಚರ್ಮರೋಗ ಇರುವವರು ಹರಕೆ ಹೊತ್ತು ಬರುವುದು ವಾಡಿಕೆ.

ನಾನು ಹೋದದ್ದು ಬೆನ್ನುನೋವು ಹೊತ್ತುಕೊಂಡು. ದರ್ಶನ ಮುಗಿಸಿ ಹೊಳೆಯ ಬದಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕುಳಿತೆ. ಅಬ್ಬ, ಎಂಥ ಹಿತ! ಬಿಗಿದಿದ್ದ ಸೊಂಟ ಮೆಲ್ಲಗೆ ಸಡಿಲವಾಯಿತು. ನಾದಿನಿ ನಕ್ಕು, "ಅತ್ತಿಗೆ, ಬೆಂಗಳೂರಲ್ಲಿ ಬಿಸಿ ಕಲ್ಲಿನ ಮಸಾಜ್ ಅಂತ ಇದಕ್ಕೇ ಸಾವಿರಗಟ್ಟಲೆ ತಗೋತಾರೆ" ಅಂದಳು.

ಆ ಮಸಾಜಿನಲ್ಲಿ ನುಣುಪಾದ ಕರಿಯ ಬಸಾಲ್ಟ್ ಕಲ್ಲುಗಳನ್ನು ನೀರಿನಲ್ಲಿ ಬಿಸಿಮಾಡಿ, ಎಣ್ಣೆ ಹಚ್ಚಿದ ಮೈಮೇಲೆ ನೀವುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ಮೇರಿ ನೆಲ್ಸನ್ ಎಂಬಾಕೆ 1993ರಲ್ಲಿ ಶುರುಮಾಡಿದ ಪದ್ಧತಿಯಿಂದ ಇದು ಹೆಸರಾಯಿತು. ಆದರೆ ನಮಗೆ ಹೊಸದೇನಲ್ಲ. ಚರಕ ಸಂಹಿತೆ ಹೇಳುವ 13 ಬಗೆಯ ಸ್ವೇದನದಲ್ಲಿ 'ಅಶ್ಮಘನ'ವೂ ಒಂದು. ಆಳುದ್ದದ ಕಲ್ಲುಚಪ್ಪಡಿಯನ್ನು ಬೆಂಕಿಯಿಂದ ಕಾಯಿಸಿ, ಕೆಂಡ ತೆಗೆದು, ಬಿಸಿನೀರು ಚಿಮುಕಿಸಿ, ಬಟ್ಟೆ ಹಾಸಿ, ಮೈಗೆ ಎಣ್ಣೆ ಹಚ್ಚಿಕೊಂಡು ಮಲಗುವುದು. ನಮ್ಮ ಅಜ್ಜಿಯರ ಇಟ್ಟಿಗೆ ಶಾಖವೂ ಇದರ ನೆಂಟನೇ.

ಬಿಸಿ ತಾಗಿದ ಕಡೆ ರಕ್ತನಾಳ ಹಿಗ್ಗಿ ರಕ್ತದ ಓಡಾಟ ಹೆಚ್ಚುತ್ತದೆ, ಸ್ನಾಯು ಸಡಿಲವಾಗುತ್ತದೆ. ಅಷ್ಟೇ. ಅದು ಆರಾಮ ಕೊಡುತ್ತದೆ, ರೋಗ ವಾಸಿ ಮಾಡುವುದಿಲ್ಲ.

ಈ ಮಾತು ನಾನು ಕಲಿತದ್ದು ಕಷ್ಟಪಟ್ಟು. ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದಿದೆ ಎಂದರು, ನಾನೇ ಇಟ್ಟಿಗೆ ಕಾಯಿಸಿ ಶಾಖ ಕೊಟ್ಟೆ. "ಸುಡ್ತದಾ ದೊಡ್ಡಮ್ಮ?" ಎಂದರೆ, "ಇಲ್ಲ ಕಣ್ ಮಗ, ಏನೂ ಗೊತ್ತಾಯ್ತಿಲ್ಲ" ಎಂದರು. ಬೆಳಗ್ಗೆ ನೋಡಿದರೆ ಪಾದದ ತುಂಬ ಬೊಬ್ಬೆ! ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಸ್ಪರ್ಶ ಗೊತ್ತಾಗದ ಕಾಲಿಗೆ ಸುಡುವುದೂ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೇ ನನಗೆ ತಿಳಿದದ್ದು.

ಆದ್ದರಿಂದ ಸಕ್ಕರೆ ಕಾಯಿಲೆಯವರು, ಬಸುರಿಯರು, ಕಾಲಿನ ನರ ಉಬ್ಬಿದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಶಾಖಕ್ಕೆ ಕೈಹಾಕಬೇಡಿ. ಜ್ವರ, ಊತ, ಗಾಯ ಇದ್ದಾಗಲೂ ಬೇಡ. ಹೊಳೆಯ ಕಲ್ಲು ತಂದು ಒಲೆಗೆ ಇಡಬೇಡಿ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು. ಅದರ ಬದಲು ಒಂದು ಹಿಡಿ ಕಲ್ಲುಪ್ಪು ಹುರಿದು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಹಿತವೆನಿಸಿದರೆ ಮಾತ್ರ ಹತ್ತು ನಿಮಿಷ ಒತ್ತಿ.

ಅಂದ ಹಾಗೆ, ಆ ದಿನ ಹೊಳೆ ದಡದಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಅಷ್ಟು ಹೊತ್ತೂ ಯಾರೂ ನನ್ನನ್ನು ಕಾಫಿ ಕೇಳಲಿಲ್ಲ! ಬೆನ್ನು ಹಗುರಾದದ್ದು ಕಲ್ಲಿನಿಂದಲೋ ಅದರಿಂದಲೋ, ನೀವೇ ಹೋಗಿ ಕುಳಿತು ನೋಡಿ ಹೇಳಿ.