ಹುಷಾರಾಗಿದ್ದೀನಿ, ಆದರೂ ಹೊಸ ಚುಕ್ಕೆ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆ. ಮೊದಲು ಬಂದಿದ್ದು ಕಣ್ಣಿಗೆ. ಬಲಗಣ್ಣು ಆಡಿಸಿದರೆ ನೋವು, ಕೆಂಪು ಬಣ್ಣವೆಲ್ಲ ಮಾಸಿದ ಹಾಗೆ. ಎರಡು ತಿಂಗಳಲ್ಲಿ ದೃಷ್ಟಿ ಸರಿಹೋಯಿತು. ಆಮೇಲೆ ಒಂದೂವರೆ ವರ್ಷ ಏನೂ ತೊಂದರೆ ಇಲ್ಲ. ಆಫೀಸು, ಮೆಟ್ರೋ, ಸಿನಿಮಾ ಎಲ್ಲ ಮಾಮೂಲು. "ಚೆನ್ನಾಗೇ ಇದ್ದೀಯಲ್ಲ, ಇನ್ನೂ ಯಾಕೆ ಆ ಮಾತ್ರೆ?" ಅಂತ ಅಮ್ಮ ಕೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಈ ಸಲದ ಎಂಆರ್‌ಐನಲ್ಲಿ ಎರಡು ಹೊಸ ಚುಕ್ಕೆ ಇದ್ದವು. ಅದರಲ್ಲೊಂದು ಹೊಳೆಯುತ್ತಿತ್ತು.

ನ್ಯೂರಾಲಜಿಸ್ಟ್ ಚಿತ್ರ ತೋರಿಸಿ ಬಿಡಿಸಿ ಹೇಳಿದರು. ವೈರಿನ ಮೇಲೆ ಪ್ಲಾಸ್ಟಿಕ್ ಇದ್ದ ಹಾಗೆ ನಮ್ಮ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಅದರ ಮೇಲೆ ಬೀಳುತ್ತವೆ. ಅಲ್ಲಿ ಉರಿಯೂತ ಆಗುತ್ತದೆ, ಹೊದಿಕೆ ಕಿತ್ತುಹೋಗುತ್ತದೆ. ಆ ಜಾಗವೇ ಲೀಷನ್. ಟಿ2 ಮತ್ತು ಫ್ಲೇರ್ ಚಿತ್ರಗಳಲ್ಲಿ ಹಳೆಯದೂ ಬಿಳಿ, ಹೊಸದೂ ಬಿಳಿ. ಈಗಿನ ಉರಿಯೂತ ಯಾವುದು ಅಂತ ತಿಳಿಯೋಕೇ ಗ್ಯಾಡೋಲಿನಿಯಂ ಇಂಜೆಕ್ಷನ್. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಒಂದು ತಡೆ ಇದೆ. ಉರಿಯೂತ ಇರುವಲ್ಲಿ ಆ ತಡೆ ಸೋರುತ್ತದೆ, ಗ್ಯಾಡೋಲಿನಿಯಂ ಒಳಗಿಳಿದು ಚುಕ್ಕೆ ಹೊಳೆಯುತ್ತದೆ. ಸಾಮಾನ್ಯವಾಗಿ ಕೆಲವೇ ವಾರ ಆ ಹೊಳಪು. ಆಮೇಲೆ ಉಳಿಯುವುದು ಗಾಯದ ಕಲೆ.

"ಮತ್ತೆ ನನಗೇಕೆ ಏನೂ ಗೊತ್ತಾಗಲಿಲ್ಲ ಡಾಕ್ಟ್ರೇ?"

"ಅದು ಜಾಗದ ಮೇಲೆ ಹೋಗುತ್ತಮ್ಮ. ಬೆನ್ನುಹುರಿಯಲ್ಲಿ ಸಣ್ಣದೊಂದು ಚುಕ್ಕೆ ಕಾಲಿನ ಬಲವನ್ನೇ ಕಸಿಯಬಹುದು. ಮಿದುಳಿನಲ್ಲಿ ಅದಕ್ಕಿಂತ ದೊಡ್ಡದು ಸದ್ದಿಲ್ಲದೆ ಇರಬಹುದು."

ಎಂಎಸ್‌ನ ಆರಂಭದ ವರ್ಷಗಳಲ್ಲಿ, ನಮಗೆ ಗೊತ್ತಾಗುವ ಅಟ್ಯಾಕ್‌ಗಳಿಗಿಂತ ಹೊಸ ಲೀಷನ್‌ಗಳೇ ಹಲವು ಪಟ್ಟು ಹೆಚ್ಚಂತೆ. ಹುಷಾರಾಗಿದ್ದೀನಿ ಅನ್ನೋದು ನಿಜವೇ. ಒಳಗೆ ಉರಿಯೂತ ಇದೆ ಅನ್ನೋದೂ ಅಷ್ಟೇ ನಿಜ. ಔಷಧಿ ನಿಲ್ಲಿಸುವ ಮಾತು ಅಲ್ಲಿಗೇ ನಿಂತಿತು. ಬದಲಿಗೆ ಇನ್ನೂ ಬಲವಾದ ಔಷಧಿ ಶುರುವಾಯಿತು. ಸೋಂಕಿನ ಭಯ ಜಾಸ್ತಿ, ಖರ್ಚೂ ಜಾಸ್ತಿ. ಹಳೆಯ ಕಲೆಗಳನ್ನು ಅದು ಅಳಿಸುವುದಿಲ್ಲ. ಹೊಸದು ಬರದಂತೆ ತಡೆಯುವುದೇ ಅದರ ಕೆಲಸ.

ಹಾಗಂತ ರಿಪೋರ್ಟಿನಲ್ಲಿ ಬಿಳಿ ಚುಕ್ಕೆ ಅಂತ ಓದಿದ ತಕ್ಷಣ ಎಂಎಸ್ ಅಂದುಕೊಳ್ಳಬೇಡಿ. ಮೈಗ್ರೇನ್, ಬಿಪಿ, ವಯಸ್ಸು ಇವುಗಳಿಂದಲೂ ಚುಕ್ಕೆ ಬರುತ್ತವೆ. ಆಕಾರ, ಜಾಗ, ಲಕ್ಷಣ ಎಲ್ಲ ಸೇರಿಸಿ ನೋಡಿಯೇ ಡಾಕ್ಟರು ಹೇಳಬೇಕು.

ಎಂಎಸ್ ಇರುವವರು ಹಳೆಯ ಸ್ಕ್ಯಾನ್‌ನ ಸಿಡಿಗಳನ್ನು ಎಸೆಯಬೇಡಿ. ಆದಷ್ಟೂ ಒಂದೇ ಸೆಂಟರಿನಲ್ಲಿ ಮಾಡಿಸಿ. ಚುಕ್ಕೆ ಎಷ್ಟಿವೆ ಅಂತ ಎಣಿಸುತ್ತಾ ಕೂರುವ ಬದಲು, ಹೋದ ಸಲಕ್ಕಿಂತ ಹೊಸದು ಯಾವುದು ಅಂತ ಕೇಳಿ.