ಮರ್ಫಿ ಟೌನಿನಿಂದ ಮುದಲಿಯಾರರ ಶಾಲೆಗೆ

ಬೆಳಿಗ್ಗೆ ಏಳೂವರೆ. ಮರ್ಫಿ ರೋಡು ಬಿಟ್ಟು ಒಳಕ್ಕೆ ತಿರುಗಿದ್ದೀರಿ. ಓಣಿ ಇಕ್ಕಟ್ಟು. ಸ್ವಲ್ಪ ಸರಿದು ನಿಲ್ಲಿ, ಬಿಂದಿಗೆ ಹೊತ್ತು ಬರುವವರಿಗೆ ದಾರಿ ಬೇಕು. ಬಾಗಿಲ ಮುಂದೆ ತೊಳೆದ ನೆಲ ಇನ್ನೂ ಆರಿಲ್ಲ. ಈಗಷ್ಟೇ ಹಾಕಿದ ರಂಗೋಲಿಯ ಒಂದು ಅಂಚನ್ನು ಯಾರದೋ ಸ್ಕೂಟರು ಅಳಿಸಿಕೊಂಡು ಹೋಗಿದೆ. ಎದುರು ಮನೆಯ ಹೊಸ್ತಿಲ ಮೇಲೆ ಕೂತು ಪಿಯು ಓದುವ ಹುಡುಗಿಯೊಬ್ಬಳು ಶೂ ಲೇಸು ಬಿಗಿಯುತ್ತಿದ್ದಾಳೆ. ಡಬ್ಬಿ ಮರೆತೆಯಲ್ಲೇ ಎಂದು ಒಳಗಿಂದ ಅಜ್ಜಿ ತಮಿಳಿನಲ್ಲಿ ಕೂಗುತ್ತಾರೆ. ಅವಳು ತಮಿಳಿನಲ್ಲೇ ಓಗೊಡುತ್ತಾಳೆ. ಮೂಲೆಯ ಅಂಗಡಿಯಲ್ಲಿ ‘ಅಣ್ಣಾ, ಒಂದು ಬ್ಲೂ ಪೆನ್ ಕೊಡಿ’ ಎಂದು ಕನ್ನಡಕ್ಕೆ ಬರುತ್ತಾಳೆ. ಅಲ್ಲಿ ಕಾಯುತ್ತಿದ್ದ ಗೆಳತಿಯ ಜೊತೆ ಉರ್ದುವಿನಲ್ಲಿ ಏನೋ ಹೇಳಿ ನಗುತ್ತಾಳೆ. ಇಂಗ್ಲಿಷ್ ಇನ್ನೂ ಬ್ಯಾಗಿನಲ್ಲೇ ಇದೆ.

ಎರಡು ಭಾಷೆಯ ಶಿಕ್ಷಣ ಎಂದಾಗ ನಾವು ಕನ್ನಡ, ಇಂಗ್ಲಿಷ್ ಎಂದು ಲೆಕ್ಕ ಮುಗಿಸುತ್ತೇವೆ. ಈ ಓಣಿಯ ಎಷ್ಟೋ ಮಕ್ಕಳು ಅವೆರಡನ್ನೂ ಹೊಸ್ತಿಲು ದಾಟಿದ ಮೇಲೆ ಕಲಿತವರು. ಅವರನ್ನು ಕಾಲೇಜಿನವರೆಗೆ ಮುಟ್ಟಿಸುವ ಶಾಲೆ ಹೇಗಿರಬೇಕು? ಆ ಪ್ರಶ್ನೆಯನ್ನು ಹಿಡಿದುಕೊಂಡೇ ಈ ಹುಡುಗಿಯರ ಹಿಂದೆ ನಡೆಯಿರಿ.

ಈ ಜಾಗದ ಹಳೆಯ ಹೆಸರು ನಾಕ್ಸ್‌ಪೇಟೆ. ಬೆಂಗಳೂರು ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಬಡವರ ಪೇಟೆ ಇದು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನ್ನುತ್ತಿದ್ದ ಆ ದಂಡಿನ ಎಂಜಿನಿಯರ್ ಡಬ್ಲ್ಯು. ಎಚ್. ಮರ್ಫಿ ಬಡವರಿಗಾಗಿ ಇಲ್ಲಿ ಯೋಜನೆ ಹಾಕಿ ಮನೆಗಳನ್ನು ಕಟ್ಟಿಸಿದರು. ಪೇಟೆಗೆ ಅವರ ಹೆಸರೇ ಬಂತು. ಅದಕ್ಕೂ ಬಹಳ ಮೊದಲು, 1809ರ ಹೊತ್ತಿಗೆ, ಹಲಸೂರಿನ ಪಕ್ಕ ಬ್ರಿಟಿಷರ ಸೈನ್ಯ ಬೀಡುಬಿಟ್ಟಿತು. ಅದರ ಹಿಂದೆ ತಮಿಳು ಸೀಮೆಯಿಂದ ಕೂಲಿಗಳು, ವರ್ತಕರು, ಗುತ್ತಿಗೆದಾರರು ಬಂದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಮಾತ್ರ ಬ್ರಿಟಿಷರಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈನಲ್ಲಿ. ಅಲ್ಲಿಯವರೆಗೆ ಈ ಬೀದಿಯಲ್ಲಿ ಹುಟ್ಟಿದ ಮಗುವಿಗೆ ಸರ್ಕಾರದ ಭಾಷೆ ಇಂಗ್ಲಿಷ್, ಸಂತೆಯ ಭಾಷೆಗಳು ಹಲವು.

ಕೆನ್ಸಿಂಗ್ಟನ್ ರೋಡು ಸಿಕ್ಕಿತು. ಗುರುದ್ವಾರದ ಬಿಳಿ ಗುಮ್ಮಟ, ಆಚೆಗೆ ಹಲಸೂರು ಕೆರೆ. ಬೆಳಗಿನ ವಾಕಿಂಗ್ ಮುಗಿಸಿದವರು ಎದುರಾಗುತ್ತಾರೆ, ಬಸ್ಸೊಂದು ಹಾರ್ನು ಒತ್ತುತ್ತದೆ. ಹುಡುಗಿಯರ ನಡಿಗೆ ಚುರುಕು. ಫಸ್ಟ್ ಪೀರಿಯಡ್ಡೇ ಅಕೌಂಟೆನ್ಸಿ. ಕೆರೆಯನ್ನು ಬಳಸಿಕೊಂಡು ಅಣ್ಣಸ್ವಾಮಿ ಮುದಲಿಯಾರ್ ರಸ್ತೆಗೆ ಬಂದರೆ ಬೋರ್ಡು ಕಾಣುತ್ತದೆ: ಆರ್‌ಬಿಎಎನ್‌ಎಂಎಸ್. ಆಟೊದವರಿಗೆ ಈ ಅಕ್ಷರಗಳು ಬಾಯಿಪಾಠ. ಅಕ್ಷರಗಳ ಹಿಂದಿರುವ ಮನುಷ್ಯ ರಾಯ್ ಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್.

ಗೇಟಿನ ಬಳಿ ಒಂದು ನಿಮಿಷ ನಿಲ್ಲಿ. ಬೈಕುಗಳನ್ನೂ ತಂತಿಗಳನ್ನೂ ಕಣ್ಣಿಂದ ತೆಗೆದುಹಾಕಿ. ಈಗ 1873. ಊರಿಗೆ ವಿದ್ಯುತ್ತು ಬರಲು ಇನ್ನೂ ಮೂರು ದಶಕ ಬೇಕು. ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದು ಒಂಬತ್ತು ವರ್ಷವಾಗಿದೆ. ಮೈಸೂರು ಸೀಮೆಯನ್ನು ಕಮಿಷನರು ಆಳುತ್ತಿದ್ದಾರೆ; ಅವರ ಕಚೇರಿಗಳಿರುವುದು ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡದಲ್ಲಿ, ನಾವು ಇಂದಿಗೂ ಅಠಾರಾ ಕಚೇರಿ ಎನ್ನುವ, ಈಗ ಹೈಕೋರ್ಟ್ ಇರುವ ಕಟ್ಟಡದಲ್ಲಿ. 1864ರಿಂದ 1868ರವರೆಗೆ ಅದನ್ನು ಕಟ್ಟಿದ ಗುತ್ತಿಗೆದಾರರು ಇದೇ ಮುದಲಿಯಾರರು. ಒಳಗೆ ಬರೆಯುವ ಕಾಗದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹೊರಗೆ ಕಲ್ಲು ಹೊತ್ತವರ ಮಕ್ಕಳಿಗೆ ಆ ಕಾಗದ ಓದಲು ಬಾರದು. ಬಿಷಪ್ ಕಾಟನ್ ಶಾಲೆ 1865ರಲ್ಲೇ ಶುರುವಾಗಿತ್ತು, ಆದರೆ ಅದು ಯುರೋಪಿಯನ್, ಆಂಗ್ಲೋ-ಇಂಡಿಯನ್ ಮಕ್ಕಳಿಗೆ. ಕಟ್ಟಡ ಮುಗಿದ ಐದು ವರ್ಷಕ್ಕೆ ಮುದಲಿಯಾರರು ತಮ್ಮ ಗಳಿಕೆಯ ಹಣದಲ್ಲಿ ದಂಡಿನಲ್ಲಿ ಶಾಲೆ ತೆರೆದರು. ಅಸ್ಪೃಶ್ಯರೆಂದು ದೂರ ನಿಲ್ಲಿಸಿದ ಮಕ್ಕಳಿಗೂ ಅವರು 1880ರ ದಶಕದಲ್ಲೇ ಪ್ರತ್ಯೇಕ ಶಾಲೆ ನಡೆಸಿದರು. ನನಗೆ ಅವರು ಕಟ್ಟಿದ ಕೆಂಪು ಕಟ್ಟಡಕ್ಕಿಂತ ಇದು ದೊಡ್ಡ ಕೆಲಸವಾಗಿ ಕಾಣುತ್ತದೆ. ಅಕ್ಷರ ಮುಟ್ಟಿದರೆ ಮೈಲಿಗೆಯೆನ್ನುವ ಕಾಲದಲ್ಲಿ ಸ್ಲೇಟು ಕೈಗಿತ್ತವರು ಎಷ್ಟು ಜನ?

ಆ ಕಾಲದಲ್ಲಿ ಆಂಗ್ಲೋ-ವರ್ನಾಕ್ಯುಲರ್ ಶಾಲೆ ಎಂಬ ವರ್ಗವೇ ಇತ್ತು. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಬ್ರಿಟಿಷರ ಶಿಕ್ಷಣನೀತಿ ಹಾಕಿಕೊಟ್ಟ ದಾರಿ ಅದು: ಕೆಳಗಿನ ತರಗತಿಗಳಿಗೆ ದೇಶಭಾಷೆ, ಮೇಲೇರಿದಂತೆ ಇಂಗ್ಲಿಷ್. ಮೆಟ್ರಿಕ್ಯುಲೇಷನ್ ಪಾಸಾದವನಿಗೆ ಕಾಲೇಜಿನ ಬಾಗಿಲು, ಇಲ್ಲವಾದರೆ ಗುಮಾಸ್ತೆಯ ಕುರ್ಚಿ. ಇಂದು ಮುದಲಿಯಾರರ ಧರ್ಮಸಂಸ್ಥೆಯ ನೆರಳಿನಲ್ಲಿ ಹೈಸ್ಕೂಲು, ಪಿಯು ಕಾಲೇಜು, ಪದವಿ ಕಾಲೇಜು ಮೂರೂ ಇವೆ. ಒಂದೇ ಮನೆಯ ಹಲವು ತಲೆಮಾರು ಹತ್ತಬಹುದಾದಷ್ಟು ಉದ್ದದ ಏಣಿ.

ಮತ್ತೆ ಇಂದಿಗೆ ಬನ್ನಿ. ಗಂಟೆ ಬಾರಿಸಿತು, ಹುಡುಗಿಯರು ಓಡಿದರು. ನಾವು ಸಂಜೆಯವರೆಗೆ ಕಾಯೋಣ, ಏಕೆಂದರೆ ಎರಡು ಭಾಷೆಯ ನಿಜವಾದ ಪಾಠ ಕಣ್ಣಿಗೆ ಬೀಳುವುದು ಹಲಸೂರು ಬಜಾರಿನ ಕಡೆಯ ಒಂದು ಮಹಡಿಯ ಟ್ಯೂಷನ್ನಿನಲ್ಲಿ.

ಸಂಜೆ ಆರು. ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಹತ್ತು ಅಡಿ ಕೋಣೆ, ಚಾಪೆ, ಬಿಳಿ ಬೋರ್ಡು, ಗಿರಗಿರ ಎನ್ನುವ ಫ್ಯಾನು. ಸೆಕೆಂಡ್ ಪಿಯು ಕಾಮರ್ಸಿನವರು ಗೋಡೆಗೆ ಒರಗಿ ಕೂತಿದ್ದಾರೆ. ಮಿಸ್ ಇಂಗ್ಲಿಷಿನಲ್ಲಿ ಲೆಕ್ಕ ಓದುತ್ತಾರೆ: ಇಬ್ಬರು ಪಾಲುದಾರರು, ಲಾಭ 3:2, ಹೊಸ ಪಾಲುದಾರನಿಗೆ ಐದರಲ್ಲಿ ಒಂದು ಭಾಗ. ಕೋಣೆ ಸುಮ್ಮನಿದೆ. ಹಿಂದಿನ ಸಾಲಿನ ಹುಡುಗ ನೋಟ್ಸಿನ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದಾನೆ.

‘ಇಲ್ನೋಡಿ’ ಎಂದು ಮಿಸ್ ಪುಸ್ತಕ ಮುಚ್ಚುತ್ತಾರೆ. ‘ಮಾರ್ಕೆಟ್‌ನಲ್ಲಿ ಅಕ್ಕ ತಂಗಿ ಸೇರಿ ಹೂವಿನ ಅಂಗಡಿ ಇಟ್ಟವ್ರೆ. ಅಕ್ಕಂದು ಮೂರು ಪಾಲು, ತಂಗಿದು ಎರಡು. ಈಗ ಅತ್ತೆ ಮಗಳು ದುಡ್ಡು ಹಾಕಿ ಬಂದ್ಲು. ಐದರಲ್ಲಿ ಒಂದು ಅವಳಿಗೆ ಕೊಟ್ರೆ ಉಳಿದಿದ್ದೆಷ್ಟು?’

‘ನಾಲ್ಕು, ಮಿಸ್!’

‘ಆ ನಾಲ್ಕನ್ನ ಅಕ್ಕ ತಂಗಿ ಹೆಂಗೆ ಹಂಚ್ಕೊಳ್ತಾರೆ?’

ಯಾರೋ ತಮಿಳಿನಲ್ಲಿ ಪಕ್ಕದವಳಿಗೆ ಪಿಸುಗುಟ್ಟುತ್ತಾರೆ, ಮಿಸ್ ತಡೆಯುವುದಿಲ್ಲ. ನಾಲ್ಕು ಐದಾಂಶದಲ್ಲಿ ಮೂರು ಐದಾಂಶ, ಇಪ್ಪತ್ತೈದರಲ್ಲಿ ಹನ್ನೆರಡು. ತಂಗಿಗೆ ಎಂಟು. ಬಂದವಳಿಗೆ ಐದು. ‘12:8:5’ ಎಂದು ನಮ್ಮ ಮರ್ಫಿ ಟೌನಿನ ಹುಡುಗಿ ಎಲ್ಲರಿಗಿಂತ ಮೊದಲು ಕೂಗುತ್ತಾಳೆ. ಆಮೇಲೆ ಬೋರ್ಡಿನ ಮೇಲೆ ಇಡೀ ಉತ್ತರ ಇಂಗ್ಲಿಷಿನಲ್ಲಿ, ಪರೀಕ್ಷೆಯಲ್ಲಿ ಬರೆಯಬೇಕಾದ ಕ್ರಮದಲ್ಲೇ. ಗೆರೆ ಎಳೆಯುತ್ತಿದ್ದ ಹುಡುಗ ಈಗ ಬರೆದುಕೊಳ್ಳುತ್ತಿದ್ದಾನೆ.

ಇದನ್ನು ನೋಡಿದ ಮೇಲೂ ‘ಇಂಗ್ಲಿಷ್ ಮೀಡಿಯಮ್ಮಾ, ಕನ್ನಡ ಮೀಡಿಯಮ್ಮಾ’ ಎಂಬ ಒಂದೇ ಪ್ರಶ್ನೆಗೆ ನಾವು ನಾಲ್ಕು ದಶಕ ಜೋತುಬಿದ್ದದ್ದು ನನ್ನನ್ನು ನೋಯಿಸುತ್ತದೆ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿ, ಅದಕ್ಕಾಗಿ ನಡೆದ ಚಳವಳಿ, 1994ರ ಭಾಷಾನೀತಿ, ಅದನ್ನು ತಳ್ಳಿಹಾಕಿದ 2014ರ ಸುಪ್ರೀಂ ಕೋರ್ಟಿನ ತೀರ್ಪು, ಎಲ್ಲದರಲ್ಲೂ ಯಾವ ಭಾಷೆ ಎಂಬುದೇ ಮಾತು. ಮಗುವಿಗೆ ಅರ್ಥವಾಯಿತೇ ಎಂಬುದು ಹಿಂದೆ ಬಿತ್ತು. ಕನ್ನಡ ಉಳಿಯಬೇಕೆಂಬ ಆಸೆಯಲ್ಲಿ ನಾನೂ ಪಾಲುದಾರ. ಆದರೆ ಈ ಕೋಣೆಯಲ್ಲಿ ಕನ್ನಡ ಉಳಿದಿರುವುದು ಅದು ಲೆಕ್ಕವನ್ನು ಬಿಡಿಸಿಕೊಡುತ್ತದೆ ಎಂಬ ಕಾರಣಕ್ಕೆ. ತಮಿಳು ಮನೆಯ ಹುಡುಗಿ ಅದನ್ನು ತನ್ನದಾಗಿ ಮಾಡಿಕೊಂಡಿರುವುದೂ ಅದಕ್ಕೇ. ರಾಜ್ಯ ಸರ್ಕಾರ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. 2024ರ ಬಜೆಟ್ಟಿನಲ್ಲಿ ಎರಡು ಸಾವಿರ ಪ್ರಾಥಮಿಕ ಶಾಲೆಗಳಿಗೆ ದ್ವಿಭಾಷಾ ಮಾಧ್ಯಮ ಘೋಷಿಸಿತು. ಅಲ್ಲಿಯೂ ಮೇಷ್ಟರಿಗೆ ಈ ಮಿಸ್‌ಗೆ ಇರುವಷ್ಟು ಸಲಿಗೆ ಬೇಕು, ಪಕ್ಕದವಳ ಪಿಸುಮಾತನ್ನು ತಡೆಯದಿರುವ ಸಲಿಗೆ.

ಏಳೂವರೆಯಾಯಿತು, ಆದರೂ ಯಾರೂ ಎದ್ದಿಲ್ಲ. ಮಿಸ್ ಹಳೆಯ ಪ್ರಶ್ನೆಪತ್ರಿಕೆ ಹಂಚುತ್ತಿದ್ದಾರೆ. ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅಚ್ಚಾಗಿವೆ. ‘ಇಂಗ್ಲಿಷಲ್ಲಿ ತಿಳೀಲಿಲ್ವಾ, ಕನ್ನಡ ಓದಿ. ಆಮೇಲೆ ಬರೀರಿ. ಟೈಮ್ ನೋಡ್ಕೊಳ್ಳಿ’ ಎನ್ನುತ್ತಾರೆ. ಹುಡುಗಿ ಬೆಳಿಗ್ಗೆ ಕೊಂಡ ಪೆನ್ನಿನಿಂದ ಮೊದಲ ಕಾಲಂ ಎಳೆಯುತ್ತಾಳೆ. ಪಕ್ಕದವಳು ಸ್ಕೇಲು ಕೇಳುತ್ತಾಳೆ. ಮುಂದಿನ ಲೆಕ್ಕ ಪಾಲುದಾರನ ನಿವೃತ್ತಿಯದು, ಆರು ಅಂಕಕ್ಕಲ್ಲ, ಹನ್ನೆರಡಕ್ಕೆ.